ಇಂಜೆಕ್ಟರ್ ಕೆಲಸ ಆದಮೇಲೆ ಮಿಸ್ ಹೊಡೆಯುತ್ತಿದ್ದ ಸ್ವಿಫ್ಟ್ ಡೀಸೆಲ್

ರಿಪೇರಿಗೆ ಮುಂಚೆ ಗಾಡಿ ಚೆನ್ನಾಗಿತ್ತು, ರಿಪೇರಿ ಆದಮೇಲೆ ನಡುಗುತ್ತಿದೆ. ಗ್ಯಾರೇಜಿಗೆ ಬರುವ ದೂರುಗಳಲ್ಲಿ ನಾನು ತುಂಬಾ ಗಮನ ಕೊಟ್ಟು ಕೇಳುವ ದೂರು ಇದು, ಯಾಕೆಂದರೆ ಹುಡುಕಬೇಕಾದ ಜಾಗವನ್ನು ಗಿರಾಕಿಯೇ ಅರ್ಧ ತೋರಿಸಿಕೊಟ್ಟಿರುತ್ತಾರೆ. ಎಂಜಿನ್ ತಾನಾಗಿ ಸವೆದು ಕೆಡುವುದೇ ಬೇರೆ, ಕೈ ಹಾಕಿದ ಮಾರನೇ ದಿನ ಕೆಡುವುದೇ ಬೇರೆ. ಆದರೂ ಇಂಥ ಗಾಡಿಗಳ ಎಂಜಿನ್ ಇಳಿಸಿ, ಲಕ್ಷದ ಹತ್ತಿರ ಖರ್ಚು ಮಾಡಿಸಿ, ಕೊನೆಗೆ ಅದೇ ನಡುಕದ ಜತೆ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. ಅದಕ್ಕೇ ಈ ಒಂದು ಗಾಡಿಯ ವಿಷಯವನ್ನು ಅಳತೆಗಳ ಸಮೇತ ಪೂರ್ತಿ ಬರೆಯುತ್ತಿದ್ದೇನೆ.

ಗಾಡಿ 2013ರ ಮಾರುತಿ ಸ್ವಿಫ್ಟ್, 1.3 ಡಿಡಿಐಎಸ್. 1248 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, 75 ಪಿಎಸ್. ಮೂಲದಲ್ಲಿ ಇದು ಫಿಯಟ್‌ನ ಮಲ್ಟಿಜೆಟ್ ಎಂಜಿನ್. ಇದೇ ಎಂಜಿನ್ ಡಿಜೈರ್, ರಿಟ್ಜ್, ಎರ್ಟಿಗಾ, ಫಿಯಟ್ ಪುಂಟೋ, ಲಿನಿಯಾ, ಟಾಟಾ ಇಂಡಿಕಾ ವಿಸ್ಟಾ, ಮಾಂಜಾ ಎಲ್ಲದರಲ್ಲೂ ಇತ್ತು. ಇದನ್ನು ದೇಶದ 'ರಾಷ್ಟ್ರೀಯ ಡೀಸೆಲ್ ಎಂಜಿನ್' ಅಂತ ಕರೆಯುತ್ತಿದ್ದದ್ದೇ ಹಾಗಾಗಿ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಹೊಸ ನಿಯಮ ಬಿಎಸ್ 6 ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಆದರೆ ರಸ್ತೆಯಲ್ಲಿ ಈ ಎಂಜಿನ್ ಇನ್ನೂ ಬೇಕಾದಷ್ಟಿವೆ, ಹೆಚ್ಚಿನವು ಈಗ ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಕೆಲಸ ಕೇಳುವ ವಯಸ್ಸಿಗೆ ಬಂದಿವೆ. ಹಾಗಾಗಿ ಮೇಲಿನ ಯಾವ ಗಾಡಿ ಇದ್ದವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮಾಲೀಕರು ತೀರ್ಥಹಳ್ಳಿ ಕಡೆಯ ಒಬ್ಬ ಮೇಷ್ಟ್ರು. ಮಗಳು ಮಣಿಪಾಲದಲ್ಲಿ ಓದುವುದರಿಂದ ಆಗುಂಬೆ ಘಾಟಿ ಹತ್ತಿ ಇಳಿಯುವುದು ಇವರಿಗೆ ಮಾಮೂಲು. ಗಾಡಿ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿತ್ತು. ಸರ್ವಿಸ್ ತಪ್ಪಿಸಿದವರಲ್ಲ, ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದರು.

ಮೊದಲು ಏನಾಗಿತ್ತು

ಮೊದಲಿನ ದೂರು ಸಣ್ಣದು. ಬಾನೆಟ್ ಕೆಳಗಿಂದ 'ಚುಕ್ ಚುಕ್' ಅಂತ ಒಂದು ಸದ್ದು, ಎಸಿ ಹಾಕದೆ ನಿಂತಾಗ ಒಳಗೆ ಹೊಗೆ ವಾಸನೆ. ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದರೆ ಒಂದು ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕರಿ ಕಟ್ಟಿತ್ತಂತೆ. ಡೀಸೆಲ್ ಗಾಡಿ ನೋಡಿದವರಿಗೆಲ್ಲ ಗೊತ್ತಿರುವ ವಿಷಯ ಇದು. ಇಂಜೆಕ್ಟರ್, ಎಂಜಿನ್‌ನ ಮೇಲ್ಭಾಗವಾದ ಹೆಡ್‌ನ ಒಳಗೆ ಕೂರುವ ಜಾಗದಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ. ಅದು ಸೀಲ್ ಬಿಟ್ಟರೆ ಸಿಲಿಂಡರ್ ಒಳಗಿನ ಒತ್ತಡ ಅದರ ಪಕ್ಕದಿಂದ ನುಸುಳಿ ಮೇಲೆ ಬರುತ್ತದೆ, ಜತೆಗೆ ಮಸಿಯನ್ನೂ ತರುತ್ತದೆ, ಆ ಮಸಿ ಬೆಂದು ಕಲ್ಲಿನಂತಾಗುತ್ತದೆ.

ಅವರ ಊರಿನ ಹತ್ತಿರದ ಗ್ಯಾರೇಜಿನಲ್ಲಿ ನಾಲ್ಕೂ ಇಂಜೆಕ್ಟರ್ ತೆಗೆದು, ಹೊಸ ವಾಷರ್ ಹಾಕಿ, ಡೀಸೆಲ್ ಫಿಲ್ಟರ್ ಬದಲಾಯಿಸಿ ಕೊಟ್ಟರು. 'ಚುಕ್ ಚುಕ್' ನಿಂತಿತು. ಆದರೆ ಗಾಡಿ ಆವತ್ತಿಂದಲೇ ನಡುಗತೊಡಗಿತು. ನಿಂತಲ್ಲಿ ಸ್ಟೀರಿಂಗ್ ಕುಣಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಘಾಟಿ ಹತ್ತುವಾಗ ಎಳೆತ ಇಲ್ಲ, ಹಿಂದೆ ಕರಿ ಹೊಗೆ.

ಆ ಗ್ಯಾರೇಜಿನವರು ಕೈ ಕಟ್ಟಿ ಕೂರಲಿಲ್ಲ, ಅದನ್ನು ಹೇಳಲೇಬೇಕು. ಮೂರನೇ ಇಂಜೆಕ್ಟರನ್ನು ನಾಲ್ಕನೇದರ ಜಾಗಕ್ಕೆ, ನಾಲ್ಕನೇದನ್ನು ಮೂರಕ್ಕೆ ಹಾಕಿ ನೋಡಿದರು. ನಡುಕ ಜಾಗ ಬದಲಿಸಲಿಲ್ಲ. ನಾಲ್ಕನ್ನೂ ಪಂಪ್ ಸರ್ವಿಸ್ ಅಂಗಡಿಗೆ ಕಳಿಸಿ ಬೆಂಚ್ (ಪರೀಕ್ಷೆಯ ಯಂತ್ರ) ಮೇಲೆ ಪರೀಕ್ಷೆ ಮಾಡಿಸಿದರು. ನಾಲ್ಕೂ ಸರಿ ಇವೆ ಅಂತ ರಿಪೋರ್ಟ್ ಬಂತು. ಕೊನೆಗೆ, ಇಂಜೆಕ್ಟರ್ ಸರಿ ಇದ್ದರೆ ತೊಂದರೆ ಎಂಜಿನ್ ಒಳಗೇ ಇರಬೇಕು, ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿರಬೇಕು, ಹೆಡ್ ಇಳಿಸೋಣ ಅಂದರು. ಆಗ ಮೇಷ್ಟ್ರು ಗಾಡಿ ತಗೊಂಡು ಶಿವಮೊಗ್ಗಕ್ಕೆ ಬಂದದ್ದು.

"ವಾಷರ್ ಹಾಕ್ಸೋಕ್ ಹೋಗಿದ್ದು ಮಾರಾಯ, ಈಗ ಎಂಜಿನ್ನೇ ಇಳಿಸ್ಬೇಕಂತೆ. ಒಂದು ಮಾತು ನೀವೂ ನೋಡಿ ಹೇಳಿ" ಅಂದರು. ಕೇಳಿ ಬೇಜಾರಾಯಿತು. ಗಾಡಿ ಮಾರಿಬಿಡುವ ಯೋಚನೆಯೂ ಮನೆಯಲ್ಲಿ ನಡೆದಿತ್ತಂತೆ.

ನಡುಕ ಏನು ಹೇಳುತ್ತದೆ

ಮೊದಲು ಬರೀ ಕೈಯಲ್ಲಿ. ಎಂಜಿನ್ ಕವರ್ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತೆ. ಐಡ್ಲಿಂಗ್, ಅಂದರೆ ಆಕ್ಸಲರೇಟರ್ ಒತ್ತದೆ ನಿಂತಾಗಿನ ಓಟ, ನಿಮಿಷಕ್ಕೆ 850 ಸುತ್ತು. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 7 ಸಲ. ಒಂದೇ ಸಿಲಿಂಡರ್ ಕೆಲಸ ಮಾಡದಿದ್ದರೆ, ಅಂದರೆ ಮಿಸ್ ಹೊಡೆದರೆ, ಅಷ್ಟೇ ಲೆಕ್ಕದಲ್ಲಿ, ತಾಳ ತಪ್ಪದೆ, ಕೈಗೆ ಕುಟ್ಟಿದ ಹಾಗೆ ಗೊತ್ತಾಗುತ್ತದೆ. ಗಾಳಿ ಸೇರಿದ್ದರೆ ಅಥವಾ ಡೀಸೆಲ್ ಸರಿಯಾಗಿ ಬರದಿದ್ದರೆ ನಡುಕ ಹಾಗಿರುವುದಿಲ್ಲ, ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ, ರೇಸ್ ಏರಿ ಇಳಿಯುತ್ತದೆ. ಈ ಗಾಡಿಯದು ತಾಳ ತಪ್ಪದ ನಡುಕ. ರೇಸ್ ಮಾಡಿ 2000 ದಾಟಿಸಿದರೆ ಬಹುಪಾಲು ಮಾಯ.

ಇಷ್ಟರಿಂದಲೇ ಒಂದಷ್ಟು ಅನುಮಾನ ಬಿಟ್ಟುಹೋಯಿತು. ಒಂದು ಸಿಲಿಂಡರಿನ ತೊಂದರೆಗೆ ನಾಲ್ಕಕ್ಕೂ ಸೇರಿದ ಭಾಗ ಕಾರಣ ಆಗುವುದಿಲ್ಲ. ಹೈ ಪ್ರೆಶರ್ ಪಂಪ್, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೇ ವಾಪಸ್ ಕಳಿಸುವ ಭಾಗ), ಟರ್ಬೋ, ಇಂಟರ್‌ಕೂಲರ್ ಪೈಪ್, ಡೀಸೆಲ್ ಫಿಲ್ಟರ್ ಇವೆಲ್ಲ ನಾಲ್ಕಕ್ಕೂ ಒಂದೇ. ಇವು ಕೆಟ್ಟರೆ ನಾಲ್ಕೂ ಒದ್ದಾಡಬೇಕು, ಅಲ್ವಾ? ಟೈಮಿಂಗ್ ಚೈನ್ ಕೂಡ ಹಾಗೇ. ಹಲ್ಲು ತಪ್ಪಿದ್ದರೆ ಎಲ್ಲ ಸಿಲಿಂಡರಿಗೂ ತಪ್ಪಿರುತ್ತದೆ. ಮೇಲಾಗಿ ಆ ಕಡೆ ಯಾರೂ ಕೈ ಹಾಕಿರಲೇ ಇಲ್ಲ.

ಸ್ಕ್ಯಾನರ್ ಹಾಕಿದರೆ ದೋಷ ತೋರಿಸುವ ಕೋಡ್ ಒಂದೂ ಇಲ್ಲ. ತುಂಬಾ ಜನ ಇಲ್ಲೇ ನಿಂತುಬಿಡುತ್ತಾರೆ: 'ಸ್ಕ್ಯಾನ್ ಮಾಡಿದೆ, ಏನೂ ಬರಲಿಲ್ಲ.' ಕೋಡ್ ಬರಬೇಕಾದರೆ ವೈರ್ ಕಡಿದಿರಬೇಕು, ಸೆನ್ಸರ್ ಕೆಟ್ಟಿರಬೇಕು ಅಥವಾ ಪ್ರೆಶರ್ ಹೇಳಿದಷ್ಟು ಬರದೆ ಇರಬೇಕು. ಒಂದು ಸಿಲಿಂಡರ್ ಸೋಮಾರಿಯಾದರೆ ಈ ಎಂಜಿನ್‌ನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೋಡ್ ಬರೆಯುವ ಬದಲು ತಾನೇ ಸರಿದೂಗಿಸಲು ನೋಡುತ್ತದೆ. ಹಾಗಾಗಿ ನೋಡಬೇಕಾದ್ದು ಲೈವ್ ಡೇಟಾ, ಅಂದರೆ ಎಂಜಿನ್ ಓಡುವಾಗಿನ ಅಂಕಿಗಳು.

ರೈಲ್ ಅಂದರೆ ನಾಲ್ಕೂ ಇಂಜೆಕ್ಟರಿಗೆ ಡೀಸೆಲ್ ಕೊಡುವ ಒಂದೇ ಕೊಳವೆ; ಅದರ ಪ್ರೆಶರ್ ಐಡ್ಲಿಂಗ್‌ನಲ್ಲಿ 270 ಬಾರ್ ಆಸುಪಾಸು, ಇಸಿಯು ಕೇಳುತ್ತಿದ್ದದ್ದೂ ಅಷ್ಟೇ. ಪಂಪ್ ಸರಿ ಇದೆ. ನಂತರ ಇಂಜೆಕ್ಟರ್ ಕರೆಕ್ಷನ್. ಐಡ್ಲಿಂಗ್‌ನಲ್ಲಿ ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎಷ್ಟು ವೇಗ ಪಡೆಯಿತು ಅಂತ ಇಸಿಯು ಅಳೆಯುತ್ತಾ ಇರುತ್ತದೆ. ಬಲ ಕಮ್ಮಿ ಕೊಟ್ಟ ಸಿಲಿಂಡರಿಗೆ ಡೀಸೆಲ್ ಜಾಸ್ತಿ ಹಾಕುತ್ತದೆ, ಜಾಸ್ತಿ ಕೊಟ್ಟದ್ದಕ್ಕೆ ಕಡಿಮೆ ಮಾಡುತ್ತದೆ. ನಾನು ಓದಿದ ಅಂಕಿ ಹೀಗಿದ್ದವು: ಒಂದನೇದಕ್ಕೆ +1.4, ಎರಡಕ್ಕೆ −2.1, ಮೂರಕ್ಕೆ +3.2, ನಾಲ್ಕಕ್ಕೆ −2.5. ಇವು ಒಂದೊಂದು ಸಲ ಚಿಮ್ಮುವ ಡೀಸೆಲ್‌ನಲ್ಲಿ ಮಾಡಿದ ಹೆಚ್ಚು ಕಡಿಮೆ, ಘನ ಮಿಲಿಮೀಟರ್ ಲೆಕ್ಕ. ಒಂದೂವರೆಯ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಮೂರನೇದು ಸ್ಪಷ್ಟವಾಗಿ ಬಲಹೀನ. ಆದರೆ ಒಂದು ಮತ್ತು ಎರಡರ ನಡುವಿನ ಅಂತರವೂ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಅದು ನನ್ನನ್ನು ತಡೆದು ನಿಲ್ಲಿಸಿತು. ತೊಂದರೆ ಮೂರರಲ್ಲಿ ಮಾತ್ರ ಇದ್ದರೆ ಉಳಿದ ಮೂರೂ ಹೆಚ್ಚು ಕಡಿಮೆ ಒಂದೇ ಥರ ಮೈನಸ್ ತೋರಿಸಬೇಕಿತ್ತು.

ಖಚಿತ ಮಾಡಿಕೊಳ್ಳಲು ಎಂಜಿನ್ ಆಫ್ ಮಾಡಿ, ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ಸ್ಟಾರ್ಟ್ ಮಾಡಿ ಕೇಳಿದೆವು. ಒಂದು, ಎರಡು, ನಾಲ್ಕು ತೆಗೆದಾಗ ಎಂಜಿನ್ ಇನ್ನೂ ಜೋರಾಗಿ ಅಲುಗಾಡಿತು. ಮೂರನ್ನು ತೆಗೆದಾಗ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೇ ಡೀಸೆಲ್ ಗಾಡಿಗಳಲ್ಲಿ, ಮಟಾಡೋರ್, ಟೆಂಪೋ, ಟ್ರ್ಯಾಕ್ಟರ್ ಕಾಲದಲ್ಲಿ, ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಮಿಸ್ ಅಂತ ಹುಡುಕುತ್ತಿದ್ದರು. ಆ ಅಭ್ಯಾಸ ಇರುವ ಹಿರಿಯರು ಈಗಲೂ ಇದ್ದಾರೆ. ಈ ಥರ ಒಂದೇ ರೈಲ್ ಇರುವ ಕಾಮನ್ ರೈಲ್ ಗಾಡಿಯಲ್ಲಿ ದಯವಿಟ್ಟು ಇದನ್ನು ಮಾಡಬೇಡಿ, ನಿಮ್ಮ ಕೈ ಕೆಳಗಿನ ಹುಡುಗರಿಗೂ ಮಾಡಲು ಬಿಡಬೇಡಿ. ಟೈರಿನಲ್ಲಿ ಇರುವುದು 2 ಬಾರ್ ಚಿಲ್ಲರೆ, ಈ ಎಂಜಿನ್‌ನ ರೈಲ್‌ನಲ್ಲಿ ಒತ್ತಡ 1400 ಬಾರ್‌ವರೆಗೆ ಹೋಗುತ್ತದೆ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ, ಬೆರಳು ಕತ್ತರಿಸುವ ತನಕ ಹೋಗಬಹುದು. ಹಾಗೇನಾದರೂ ಆದರೆ ನೋವು ಇಲ್ಲದಿದ್ದರೂ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಓಡುವ ಎಂಜಿನ್‌ನಲ್ಲಿ ಕನೆಕ್ಟರ್ ಎಳೆಯುವುದೂ ಬೇಡ, ಅಲ್ಲಿ 60 ವೋಲ್ಟ್‌ಗೂ ಮೇಲಿನ ಕರೆಂಟ್ ಇರುತ್ತದೆ.

ಎರಡು ತೊಂದರೆ ಒಂದರ ಮೇಲೊಂದು

ಒಂದು ಮತ್ತು ಎರಡರ ಅಂಕಿ ಯಾಕೆ ಹಾಗಿದೆ ಅನ್ನುವುದು ಮೊದಲು ಬಗೆಹರಿಯಿತು. ಪ್ರತಿ ಇಂಜೆಕ್ಟರಿನ ತಲೆ ಮೇಲೆ ಅಕ್ಷರ, ಅಂಕಿ ಸೇರಿದ ಒಂದು ಕೋಡ್ ಕೆತ್ತಿರುತ್ತಾರೆ. ಫ್ಯಾಕ್ಟರಿಯಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆ ಒತ್ತಡದಲ್ಲಿ ಪರೀಕ್ಷಿಸಿ, ಅದು ಎಷ್ಟು ಹೆಚ್ಚು ಕಡಿಮೆ ಚಿಮ್ಮುತ್ತದೆ ಅನ್ನುವುದನ್ನು ಆ ಕೋಡ್‌ನಲ್ಲಿ ಬರೆದಿರುತ್ತಾರೆ. ಇಸಿಯುಗೆ ಅದನ್ನು ಹಾಕಿದರೆ ಆ ಸಿಲಿಂಡರಿಗೆ ತಕ್ಕ ಹಾಗೆ ಸಮಯ ಹೊಂದಿಸಿಕೊಳ್ಳುತ್ತದೆ. ಇಂಜೆಕ್ಟರ್ ಹೊಸದಾದರೂ ಸರಿ, ಹಳೇದೇ ಜಾಗ ಬದಲಾದರೂ ಸರಿ, ಕೋಡ್ ಮತ್ತೆ ಬರೆಯಬೇಕು.

ಟಾರ್ಚ್ ಹಿಡಿದು, ಬಟ್ಟೆಯಲ್ಲಿ ಮಸಿ ಒರೆಸಿ ನಾಲ್ಕೂ ಕೋಡ್ ಓದಿ ಕಾಗದದ ಮೇಲೆ ಬರೆದೆವು. ಇಸಿಯು ಒಳಗಿನ ಪಟ್ಟಿಯ ಜತೆ ಹೋಲಿಸಿದರೆ ಮೂರು, ನಾಲ್ಕು ಸರಿ ಇದ್ದವು. ಒಂದನೇದರ ಕೋಡ್ ಎರಡರಲ್ಲಿ, ಎರಡನೇದರ ಕೋಡ್ ಒಂದರಲ್ಲಿ. ಬೆಂಚ್‌ನಿಂದ ವಾಪಸ್ ಬಂದಾಗ ಅದಲು ಬದಲಾಗಿ ಕೂತಿವೆ. ಹೊರಗಿಂದ ನಾಲ್ಕೂ ಒಂದೇ ಥರ ಕಾಣುತ್ತವೆ, ಗುರುತು ಹಾಕದಿದ್ದರೆ ಹೀಗಾಗುವುದು ಸಹಜ. ಇಂಜೆಕ್ಟರ್ ಕಳಿಸುವಾಗ ಪೇಂಟ್ ಮಾರ್ಕರಿನಲ್ಲಿ ನಂಬರ್ ಬರೆದು ಕಳಿಸಿ, ಬಂದ ಮೇಲೆ ಕೋಡ್ ಕೂಡ ಓದಿ ನೋಡಿ, ಯಾಕೆಂದರೆ ಪೇಂಟ್ ತೊಳೆದುಹೋಗುತ್ತದೆ.

ಕೋಡ್ ಸರಿಯಾಗಿ ಬರೆದ ಮೇಲೆ ಅಂಕಿ ಬದಲಾದವು. −0.9, −1.2, +3.1, −1.0. ನೋಡಿ, ಈಗ ಚಿತ್ರ ತಿಳಿಯಾಯಿತು. ಮೂರು ಸಿಲಿಂಡರ್ ಒಂದೇ ಥರ, ಮೂರನೇದು ಮಾತ್ರ ಬೇರೆ. ಸ್ಟೀರಿಂಗ್ ಕುಣಿತ ಸ್ವಲ್ಪ ಕಮ್ಮಿಯಾಯಿತು, ಆದರೆ ಹೋಗಲಿಲ್ಲ.

ಈಗ ಮೂರನೇ ಸಿಲಿಂಡರಿಗೆ ಕೇಳಬೇಕಾದ ಪ್ರಶ್ನೆಗಳು. ಡೀಸೆಲ್ ಉರಿಯಲು ಬೇಕಾದ್ದು ಗಾಳಿ, ಅದನ್ನು ಒತ್ತಿ ಬಿಸಿ ಮಾಡುವುದು, ಸರಿಯಾದ ಪ್ರಮಾಣದ ಡೀಸೆಲ್ ಸರಿಯಾದ ಹೊತ್ತಿಗೆ, ಮತ್ತು ಅದು ಸರಿಯಾದ ಜಾಗಕ್ಕೆ ಸರಿಯಾಗಿ ಚಿಮ್ಮುವುದು. ಹೆಡ್ ಇಳಿಸಬೇಕು ಅನ್ನುವ ಮಾತಿಗೆ ಉತ್ತರ ಕಂಪ್ರೆಷನ್‌ನಲ್ಲಿದೆ. ಗ್ಲೋ ಪ್ಲಗ್ (ತಣ್ಣಗಿದ್ದಾಗ ಸಿಲಿಂಡರ್ ಬಿಸಿ ಮಾಡುವ ಪ್ಲಗ್) ತೆಗೆದು ಗೇಜ್ ಹಾಕಿ ಸೆಲ್ಫ್ ಹೊಡೆದೆವು. 27, 26, 26, 27 ಬಾರ್. ಇಷ್ಟು ಓಡಿದ ಎಂಜಿನ್‌ಗೆ ಇದಕ್ಕಿಂತ ಒಳ್ಳೆ ಅಂಕಿ ಕೇಳಬಾರದು. ಬೋರ್, ರಿಂಗ್, ವಾಲ್ವ್, ಹೆಡ್ ಗ್ಯಾಸ್ಕೆಟ್ ನಾಲ್ಕೂ ಒಂದೇ ಏಟಿಗೆ ಅನುಮಾನದಿಂದ ಹೊರಬಂದವು. ಮೇಷ್ಟ್ರಿಗೆ ಫೋನ್ ಮಾಡಿ ಎಂಜಿನ್ ಇಳಿಸುವ ಮಾತೇ ಇಲ್ಲ ಅಂತ ಆವಾಗಲೇ ಹೇಳಿದೆ. ಅವರು ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು.

ಲೀಕ್ ಆಫ್ ಕೂಡ ನೋಡಿದೆವು, ಅಂದರೆ ಪ್ರತಿ ಇಂಜೆಕ್ಟರಿನ ರಿಟರ್ನ್‌ಗೆ ಸಣ್ಣ ಬಾಟಲಿ ಕಟ್ಟಿ ಐಡ್ಲಿಂಗ್‌ನಲ್ಲಿ ಬಿಟ್ಟು ಎಷ್ಟೆಷ್ಟು ತುಂಬುತ್ತದೆ ಅಂತ ಹೋಲಿಸುವುದು. ನಾಲ್ಕೂ ಸಮ. ಇಂಜೆಕ್ಟರ್ ಕಾಯಿಲ್‌ಗಳಲ್ಲೂ ವ್ಯತ್ಯಾಸ ಇಲ್ಲ. ಅಂದಹಾಗೆ ಇದರ ರೆಸಿಸ್ಟೆನ್ಸ್ ಅರ್ಧ ಓಮ್‌ನಷ್ಟೂ ಇರುವುದಿಲ್ಲ, ಮಾಮೂಲಿ ಮೀಟರಿನ ವೈರುಗಳೇ ಅಷ್ಟು ತೋರಿಸುತ್ತವೆ. ಹಾಗಾಗಿ ಬರೀ ಅದನ್ನು ನಂಬಿ ಇಂಜೆಕ್ಟರ್ ಕೆಟ್ಟಿದೆ ಅನ್ನಬೇಡಿ.

ಗಾಳಿ ಇದೆ, ಕಂಪ್ರೆಷನ್ ಇದೆ, ಇಂಜೆಕ್ಟರ್ ಬೆಂಚ್ ಮೇಲೆ ಸರಿ ಇದೆ, ಜಾಗ ಬದಲಿಸಿದರೂ ತೊಂದರೆ ಮೂರರಲ್ಲೇ ಉಳಿದಿದೆ. ಉಳಿದ ಪ್ರಶ್ನೆ ಒಂದೇ. ಇಂಜೆಕ್ಟರ್ ಆ ತೂತಿನಲ್ಲಿ ಸರಿಯಾಗಿ ಕೂತಿದೆಯಾ?

ಹಳೇ ವಾಷರ್ ಎಷ್ಟು ಬಂದವು

ಮೊದಲು ಕೆಲಸ ಮಾಡಿದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಇದನ್ನು ಮಾಡಲು ಯಾರೂ ಹಿಂಜರಿಯಬಾರದು ಅಂತ ನನ್ನ ಅಭಿಪ್ರಾಯ. ತಪ್ಪು ಹಿಡಿಯಲು ಅಲ್ಲ, ಆ ಎಂಜಿನ್ ಬಿಚ್ಚಿದಾಗ ಹೇಗಿತ್ತು ಅಂತ ಕಣ್ಣಾರೆ ನೋಡಿದವರು ಅವರೊಬ್ಬರೇ. ಅವರೂ ಮುಚ್ಚಿಡದೆ ಮಾತಾಡಿದರು.

"ಮೂರನೇದೇ ಅಣ್ಣ ಲೀಕ್ ಇದ್ದಿದ್ದು. ಕರಿ ಹಿಡ್ದು ಗಟ್ಟಿ ಆಗ್ಬಿಟ್ಟಿತ್ತು, ಪುಲ್ಲರ್ ಹಾಕಿ ಎಳೆದ್ವಿ."

"ಹಳೇ ವಾಷರ್ ನಾಲ್ಕೂ ಬಂತಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಅದು... ನೋಡ್ಲಿಲ್ಲ ಅಣ್ಣ. ಹುಡುಗ ಕ್ಲೀನ್ ಮಾಡ್ದ."

ಇಂಜೆಕ್ಟರ್ ಎಳೆದಾಗ ವಾಷರ್ ಸಾಮಾನ್ಯವಾಗಿ ಅದರ ಮೂತಿಗೇ ಅಂಟಿಕೊಂಡು ಬರುತ್ತದೆ. ಆದರೆ ಮಸಿ ಬೆಂದು ಗಟ್ಟಿಯಾಗಿದ್ದರೆ ವಾಷರ್ ಕೆಳಗೇ ಉಳಿದು ಇಂಜೆಕ್ಟರ್ ಮಾತ್ರ ಮೇಲೆ ಬರುತ್ತದೆ. ತೂತು ಆಳ, ಇಕ್ಕಟ್ಟು, ಒಳಗೆಲ್ಲ ಕರಿ. ಮೇಲಿಂದ ನೋಡಿದರೆ ಉಳಿದ ವಾಷರೇ ಹೆಡ್‌ನ ಸೀಟ್ (ವಾಷರ್ ಕೂರುವ ತಳ) ಥರ ಕಾಣುತ್ತದೆ. ಅದರ ಮೇಲೆ ಹೊಸ ವಾಷರ್ ಹಾಕಿ ಕೂರಿಸಿದರೆ ಸೀಲ್ ಕೂಡ ಚೆನ್ನಾಗಿಯೇ ಆಗುತ್ತದೆ. ಹಾಗಾಗಿ 'ಚುಕ್ ಚುಕ್' ನಿಲ್ಲುತ್ತದೆ, ಕಂಪ್ರೆಷನ್ ಸರಿಯಾಗಿ ತೋರಿಸುತ್ತದೆ, ಇಂಜೆಕ್ಟರ್ ಅದಲು ಬದಲು ಮಾಡಿದರೂ ತೊಂದರೆ ಅದೇ ಸಿಲಿಂಡರಿನಲ್ಲಿ ಉಳಿಯುತ್ತದೆ. ಈ ಗಾಡಿಯ ಒಂದೊಂದು ಲಕ್ಷಣವೂ ಇದಕ್ಕೆ ತಾಳೆಯಾಗುತ್ತಿತ್ತು.

ಬಿಚ್ಚುವುದಕ್ಕೆ ಮುಂಚೆ ಒಂದು ಸುಲಭದ ಪರೀಕ್ಷೆ. ಸ್ಟೀಲ್ ಸ್ಕೇಲನ್ನು ಅಡ್ಡ ನಿಲ್ಲಿಸಿ ನಾಲ್ಕೂ ಇಂಜೆಕ್ಟರ್‌ಗಳ ಮೇಲೆ ಇಟ್ಟೆ. ನಾಲ್ಕೂ ಒಂದೇ ಎತ್ತರಕ್ಕೆ ಇರಬೇಕು. ಸ್ಕೇಲ್ ಮೂರನೇದರ ಮೇಲೆ ಕೂತು ತಕ್ಕಡಿ ಕಡ್ಡಿಯಂತೆ ಅತ್ತಿತ್ತ ಆಡಿತು. ಎರಡು ಮತ್ತು ನಾಲ್ಕರ ಮೇಲೆ ಸ್ಕೇಲಿನ ಕೆಳಗೆ ಬೆಳಕು ಕಾಣುತ್ತಿತ್ತು. ಫೀಲರ್ ಗೇಜ್ ಎಲೆಗಳನ್ನು ಜೋಡಿಸಿ ತೂರಿಸಿದರೆ ಒಂದೂವರೆ ಮಿಲಿಮೀಟರ್ ಹತ್ತಿರ. ಹೊಸ ವಾಷರಿನ ದಪ್ಪವೂ ಅಷ್ಟೇ.

ಒಂದೂವರೆ ಮಿಲಿಮೀಟರ್ ಅಂದರೆ ಕೇಳಲು ಏನೂ ಅಲ್ಲ. ಆದರೆ ಈ ಎಂಜಿನ್‌ನ ಪಿಸ್ಟನ್ ಅಗಲವೇ 69.6 ಮಿಲಿಮೀಟರ್. ಅದರ ತಲೆ ಮೇಲೆ ಬಟ್ಟಲಿನಂತೆ ಒಂದು ಗುಂಡಿ ಇರುತ್ತದೆ. ಇಂಜೆಕ್ಟರಿನ ಮೂತಿ, ಅಂದರೆ ನಾಜಲ್‌ನ ತುದಿ, ಹೆಡ್‌ನಿಂದ ಇಷ್ಟೇ ಕೆಳಗೆ ಇಣುಕಬೇಕು, ಅದರ ಸಣ್ಣ ತೂತುಗಳಿಂದ ಬಂದ ಡೀಸೆಲ್ ಆ ಗುಂಡಿಯ ಒಳಗೇ ಹರಡಿ ಗಾಳಿಯ ಸುಳಿಯಲ್ಲಿ ಬೆರೆಯಬೇಕು ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ನಾಜಲ್ ಮೇಲೆ ಸರಿದರೆ ಡೀಸೆಲ್ ಗುಂಡಿ ಬಿಟ್ಟು ಅಂಚಿಗೆ, ಹೆಡ್‌ನ ತಳಕ್ಕೆ, ಸಿಲಿಂಡರಿನ ಗೋಡೆಗೆ ಬಡಿಯುತ್ತದೆ. ಗ್ಯಾಸ್ ಒಲೆಯ ಬರ್ನರ್ ಮುಚ್ಚಳ ಓರೆಯಾಗಿ ಕೂತಾಗ ಗ್ಯಾಸೂ ಬರುತ್ತದೆ, ಬೆಂಕಿಯೂ ಹತ್ತುತ್ತದೆ, ಆದರೆ ಉರಿ ಹಳದಿಯಾಗಿ ಪಾತ್ರೆ ಕರಿ ಹಿಡಿಯುತ್ತದಲ್ಲ, ಹಾಗೆ. ಬೆಳಿಗ್ಗೆ ತಣ್ಣಗಿದ್ದಾಗ ಗೋಡೆಗೆ ಬಿದ್ದ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೋಗುತ್ತದೆ. ಘಾಟಿಯಲ್ಲಿ ಡೀಸೆಲ್ ಜಾಸ್ತಿ ಬಿದ್ದಾಗ ಅರೆಬರೆ ಉರಿದು ಕರಿ ಹೊಗೆ. ಇಸಿಯು ಬಲ ಸಾಲದು ಅಂತ ಆ ಸಿಲಿಂಡರಿಗೇ ಇನ್ನೂ ಜಾಸ್ತಿ ಹಾಕುತ್ತದೆ, ಅದೂ ಗೋಡೆಗೇ ಬೀಳುತ್ತದೆ.

ಬಿಚ್ಚಿದಾಗ

ಮೂರನೇದರ ಹೈ ಪ್ರೆಶರ್ ಪೈಪಿನ ನಟ್ ಬಿಟ್ಟ ಕೂಡಲೇ ಪೈಪ್ ಟಕ್ಕನೆ ಪಕ್ಕಕ್ಕೆ ಸರಿಯಿತು. ಎತ್ತರ ತಪ್ಪಿದ್ದ ಇಂಜೆಕ್ಟರಿಗೆ ಅದನ್ನು ಬಗ್ಗಿಸಿ ಕೂರಿಸಿದ್ದರು. ಇಂಜೆಕ್ಟರ್ ಸುಲಭವಾಗಿಯೇ ಬಂತು, ಮೂತಿಯಲ್ಲಿ ಹೊಸ ವಾಷರ್ ಇತ್ತು. ನಾಜಲ್ ತುದಿ ಒದ್ದೆ ಒದ್ದೆ, ಮಸಿ ಮೆತ್ತಿತ್ತು. ಪಕ್ಕದ ನಾಲ್ಕನೇದನ್ನೂ ತೆಗೆದು ಜೋಡಿಸಿ ನೋಡಿದರೆ ಅದರ ತುದಿ ಒಣಗಿತ್ತು, ಕಂದು ಮಿಶ್ರಿತ ಬೂದಿ ಬಣ್ಣ.

ತೂತಿನೊಳಗೆ ಕ್ಯಾಮೆರಾ ಬಿಟ್ಟರೆ ಕೆಳಗೆ ಕಾಣುವುದು ಬರೀ ಕರಿ. ಪಕ್ಕದ ತೂತಿಗೆ ಬಿಟ್ಟು ನೋಡಿದರೆ ಅಲ್ಲಿ ಸೀಟಿನ ಹೊರಅಂಚು ಗೋಡೆಗೆ ಸೇರಿ ಒಂದೇ ಲೋಹವಾಗಿ ಕಾಣುತ್ತದೆ. ಮೂರರಲ್ಲಿ ಅಂಚಿನ ಸುತ್ತ ಕೂದಲೆಳೆಯಷ್ಟು ಸಂದು. ಉದ್ದದ ಚೂಪು ಕೊಕ್ಕೆಯಲ್ಲಿ ಒಂದು ಕಡೆ ಕೆರೆದಾಗ ಕರಿ ಎದ್ದುಹೋಗಿ ತಾಮ್ರ ಹೊಳೆಯಿತು. ಕೆಲಸದ ಹುಡುಗ ಸ್ಕ್ರೀನ್ ನೋಡಿ "ಅಣ್ಣ, ಇಲ್ಲೇ ಇದೆ!" ಅಂತ ಕೂಗಿಯೇಬಿಟ್ಟ.

ತೆಗೆಯುವ ಕೆಲಸ ನಿಧಾನದ್ದು. ಸೀಟಿನ ನಡುವಿನ ತೂತು ನೇರ ಪಿಸ್ಟನ್ ಮೇಲಕ್ಕೆ ತೆರೆದಿರುತ್ತದೆ. ಮಸಿಯ ಗಟ್ಟಿ ಚೂರು, ತಾಮ್ರದ ಸಿಪ್ಪೆ ಒಳಗೆ ಬಿದ್ದರೆ ಇಲ್ಲದ ತೊಂದರೆ ಆಗ ಶುರುವಾಗುತ್ತದೆ. ಗ್ರೀಸ್ ಮೆತ್ತಿದ ಬಟ್ಟೆಯ ಸಣ್ಣ ಬತ್ತಿಯನ್ನು, ಹೊರಗೆಳೆಯಲು ದಾರ ಕಟ್ಟಿ, ಆ ತೂತಿಗೆ ತುರುಕಿದೆವು. ನಂತರ ಮೊನೆ ಚೂಪಾದ ಟ್ಯಾಪಿಗೆ (ತೂತಿನಲ್ಲಿ ಮರೆ ಕೊರೆಯುವ ಉಪಕರಣ) ಗ್ರೀಸ್ ಹಚ್ಚಿ ವಾಷರಿನ ಒಳಗೆ ಕೈಯಲ್ಲೇ ಹಗುರವಾಗಿ ತಿರುಗಿಸಿ, ಹಲ್ಲು ಕಚ್ಚಿದ ಮೇಲೆ ಮೇಲಕ್ಕೆ ಎಳೆದಾಗ ವಾಷರ್ ಬಂತು. ಒಂದು ಪಕ್ಕದಲ್ಲಿ ಹೊಗೆ ನುಸುಳಿದ್ದ ಗೀರು ಸ್ಪಷ್ಟವಾಗಿ ಇತ್ತು. ಮೊದಲ ದಿನದ 'ಚುಕ್ ಚುಕ್' ಸದ್ದಿನ ಗುರುತು ಅದೇ.

ಆಮೇಲೆ ಸೀಟ್ ಕಟರಿಗೆ ಗ್ರೀಸ್ ಹಚ್ಚಿ ಕೈಯಲ್ಲಿ ಕೆಲವೇ ಸುತ್ತು ತಿರುಗಿಸಿದೆವು. ಕರಿ ಹೋದರೆ ಸಾಕು, ಲೋಹ ಕಡಿಯಬಾರದು. ಕಡಿದರೆ ನಾಜಲ್ ಈ ಸಲ ಕೆಳಗೆ ಇಳಿಯುತ್ತದೆ, ಅದೂ ತಪ್ಪೇ. ಬತ್ತಿ ಎಳೆದು, ವ್ಯಾಕ್ಯೂಮ್ ಹಿಡಿದು, ಇಂಜೆಕ್ಟರ್ ಇಲ್ಲದೆಯೇ, ರೈಲ್‌ಗೆ ಡೀಸೆಲ್ ಹೋಗದಂತೆ ನೋಡಿಕೊಂಡು, ತೂತಿನ ಮೇಲೆ ಬಟ್ಟೆ ಮುಚ್ಚಿ ಎರಡು ಸಲ ಸೆಲ್ಫ್ ಹೊಡೆದು ಧೂಳು ಹೊರಹಾಕಿದೆವು.

ಉಳಿದ ಮೂರರ ಎತ್ತರ ಸರಿಯಾಗಿತ್ತಾದರೂ ನಾಲ್ಕಕ್ಕೂ ಹೊಸ ವಾಷರ್ ಹಾಕಿದೆವು. ಒಮ್ಮೆ ಒತ್ತಿ ಚಪ್ಪಟೆಯಾದ ತಾಮ್ರವನ್ನು ಮತ್ತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ವಾಷರ್ ಕೊಳ್ಳುವಾಗ ಪಾರ್ಟ್ ನಂಬರ್ ಹೇಳಿಯೇ ಕೇಳಿ. ಅಂಗಡಿಯಲ್ಲಿ ಒಂದೇ ಅಗಲದ ವಾಷರುಗಳು ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ, ದಪ್ಪ ತಪ್ಪಿದರೆ ಇದೇ ರಗಳೆ. ಕ್ಲಾಂಪ್ ಬೋಲ್ಟ್ ಹೊಸದು, ಬಿಗಿ ಮಾಡಿದ್ದು ಟಾರ್ಕ್ ರೆಂಚಿನಲ್ಲಿ. ಮೂರನೇ ಪೈಪನ್ನು ಬಗ್ಗಿಸಿ ಕೂರಿಸಿದ್ದರಿಂದ ಅದನ್ನೂ ಬದಲಾಯಿಸಿದೆವು. 1400 ಬಾರ್ ಹೊರುವ ಪೈಪಿನ ವಿಷಯದಲ್ಲಿ 'ನಡೆಯುತ್ತೆ ಬಿಡಿ' ಅನ್ನುವ ಮಾತು ಬೇಡ. ಮತ್ತೆ ಸ್ಕೇಲ್ ಇಟ್ಟು ನೋಡಿದೆ, ನಾಲ್ಕರ ಮೇಲೂ ಸಮವಾಗಿ ಕೂತಿತು.

ಆಮೇಲೆ

ಎಂಜಿನ್ ಸ್ಟಾರ್ಟ್ ಆಗಿ, ಗಾಳಿ ಹೋಗಿ, ಬಿಸಿಯಾದ ಮೇಲೆ ಕರೆಕ್ಷನ್ ಓದಿದೆವು. +0.3, −0.4, +0.2, −0.1. ಕವರ್ ಮೇಲೆ ಕೈ ಇಟ್ಟರೆ ಆ ಕುಟ್ಟುವಿಕೆ ಇಲ್ಲ.

ಒಂದು ಕೆಲಸ ಇನ್ನೂ ಬಾಕಿ ಇತ್ತು. ಗೋಡೆಗೆ ಬಡಿದ ಡೀಸೆಲ್ ಎಲ್ಲಿ ಹೋಯಿತು? ಒಂದಷ್ಟು ಹೊಗೆಯಾಗಿ ಹೋಯಿತು, ಒಂದಷ್ಟು ರಿಂಗ್ ದಾಟಿ ಕೆಳಗೆ ಇಳಿಯಿತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗುರುತಿಗಿಂತ ಮೇಲಿತ್ತು, ಬೆರಳಲ್ಲಿ ಉಜ್ಜಿದರೆ ತೆಳ್ಳಗೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಡೀಸೆಲ್ ಬೆರೆತ ಆಯಿಲ್‌ನಲ್ಲಿ ಟರ್ಬೋ ಮತ್ತು ಬೇರಿಂಗ್ ಓಡಿಸುವುದು ಅಪಾಯ. ಎರಡೂ ಆಯಿಲ್ ಒತ್ತಡವನ್ನೇ ನಂಬಿಕೊಂಡು ತಿರುಗುವ ಭಾಗಗಳು. ಮೇಷ್ಟ್ರು ಇತ್ತೀಚೆಗಷ್ಟೇ ಆಯಿಲ್ ಹಾಕಿಸಿದ್ದೆ ಅಂದರು. ಆದರೂ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿಯೇ ಗಾಡಿ ಕೊಟ್ಟದ್ದು. ನಿಮ್ಮ ಗಾಡಿ ಇಂಜೆಕ್ಟರ್ ತೊಂದರೆಯಲ್ಲಿ ತುಂಬಾ ದಿನ ಓಡಿದ್ದರೆ ಈ ಒಂದು ಖರ್ಚು ಉಳಿಸಲು ಹೋಗಬೇಡಿ.

ಗಾಡಿಯನ್ನು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಓಡಿಸಿದೆವು. ಮೇಷ್ಟ್ರೇ ಸ್ಟೀರಿಂಗ್ ಹಿಡಿದಿದ್ದರು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಮೂರನೇ ಗೇರಿನಲ್ಲಿ 1500ರಿಂದ ಪೂರ್ತಿ ಆಕ್ಸಲರೇಟರ್ ಒತ್ತಿದಾಗ 2000ದ ಹತ್ತಿರ ಎಳೆತ ಹತ್ತಿಕೊಂಡಿತು. ಈ ಎಂಜಿನ್‌ನ 190 ನ್ಯೂಟನ್ ಮೀಟರ್ ಟಾರ್ಕ್ ಬರುವುದೇ ಅಲ್ಲಿ. ಕೇಳಿದ ರೈಲ್ ಪ್ರೆಶರ್, ಬಂದ ರೈಲ್ ಪ್ರೆಶರ್ ಎರಡರ ಗೆರೆಯೂ ಜತೆಗೇ ಏರಿದವು. ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ. "ಹೋದ ವಾರ ಇದೇ ಏರಿನಲ್ಲಿ ಎರಡನೇ ಗೇರಿಗೆ ಹಾಕಿದ್ದೆ" ಅಂದರು ಮೇಷ್ಟ್ರು.

ಮೊದಲಿನ ಮೆಕ್ಯಾನಿಕ್‌ಗೆ ಸಿಕ್ಕ ವಾಷರಿನ ಫೋಟೋ, ಸ್ಕೇಲ್ ಇಟ್ಟ ಫೋಟೋ ಎರಡೂ ಕಳಿಸಿದೆ. ಅವರು ಫೋನ್ ಮಾಡಿ, ಇನ್ಮೇಲೆ ಬಿಚ್ಚಿದ ವಾಷರುಗಳನ್ನು ತಟ್ಟೆಯಲ್ಲಿ ಎಣಿಸಿ ಇಟ್ಟುಕೊಂಡ ಮೇಲೇ ಹೊಸದು ಹಾಕುತ್ತೇವೆ ಅಂದರು, ಸೀಟ್ ಕಟರ್ ಎಲ್ಲಿ ಸಿಗುತ್ತದೆ ಅಂತಲೂ ಕೇಳಿದರು.

ಪಿಸ್ಟನ್‌ಗೆ ಏನಾದರೂ ಆಗಿದೆಯಾ ಅನ್ನುವುದು ಮೇಷ್ಟ್ರ ಕೊನೆಯ ಪ್ರಶ್ನೆ. ಇಂಜೆಕ್ಟರ್ ಹೊರಗಿದ್ದಾಗಲೇ ಕ್ಯಾಮೆರಾದಲ್ಲಿ ಅದನ್ನೂ ನೋಡಿದ್ದೆವು. ಗುಂಡಿಯ ಅಂಚು ಪೂರ್ತಿ ಇತ್ತು, ಕರಗಿದ ಅಥವಾ ಬಿರುಕು ಬಿಟ್ಟ ಗುರುತಿಲ್ಲ. ಸಿಲಿಂಡರ್ ಗೋಡೆಯಲ್ಲಿ ಹೋನಿಂಗ್ ಗೆರೆಗಳು (ಫ್ಯಾಕ್ಟರಿಯಲ್ಲಿ ಉಜ್ಜಿದ ಸಣ್ಣ ಗೀರುಗಳು) ಇನ್ನೂ ಕಾಣುತ್ತಿದ್ದವು. ಆದರೂ ಒಂದು ತಿಂಗಳು ವಾರಕ್ಕೊಮ್ಮೆ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ ನೋಡಿ, ಲೆವೆಲ್ ಏರಿದರೂ ಇಳಿದರೂ ನನಗೆ ತಿಳಿಸಿ ಅಂತ ಹೇಳಿ ಕಳಿಸಿದೆ. ಅವರು ಡಿಪ್‌ಸ್ಟಿಕ್ ಫೋಟೋವನ್ನೇ ತೆಗೆದು ಪ್ರತಿ ಭಾನುವಾರ ವಾಟ್ಸಾಪ್ ಮಾಡುತ್ತಿದ್ದರು. ಲೆವೆಲ್ ಇದ್ದಲ್ಲೇ ಇತ್ತು. ಮುಂದಿನ ಸರ್ವಿಸ್‌ಗೆ ಬಂದಾಗ ಕರೆಕ್ಷನ್ ಮತ್ತೆ ಓದಿದೆ, ನಾಲ್ಕೂ ಅರ್ಧದ ಒಳಗೇ ಇದ್ದವು, ಇಂಜೆಕ್ಟರ್ ಬುಡಗಳೂ ಒಣಗಿದ್ದವು.